ಕಾದಂಬರಿಯ ಮೊದಲ ಪುಟ: ಗಾಳವೋ, ಪಾತಾಳಗರಡಿಯೋ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಾಹಿತ್ಯ ಗೋಷ್ಠಿಗೆ ಎಂಜಿನಿಯರ್‌ನನ್ನು ಕರೆದದ್ದು ಯಾಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು. ನಾನು ಲೇಖಕನಲ್ಲ, ಓದುಗ. ಬೆಂಗಳೂರಿನಲ್ಲಿ ನಾವು ಏಳೆಂಟು ಜನ, ಎಲ್ಲರೂ ಬೇರೆ ಬೇರೆ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಓದಿದವರು, ತಿಂಗಳಿಗೊಂದು ಶನಿವಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಒಂದು ಕನ್ನಡ ಕಾದಂಬರಿಯ ಮೊದಲ ಪುಟವನ್ನು ಮಾತ್ರ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಕೈ ಎತ್ತಬೇಕು: ಮುಂದಕ್ಕೆ ಓದಬೇಕೆನ್ನಿಸಿತೋ ಇಲ್ಲವೋ? ಯಾಕೆ? ಜಗಳವಾಗುತ್ತದೆ, ಕಾಫಿ ಆರಿಹೋಗುತ್ತದೆ. ಆ ಜಗಳಗಳಲ್ಲಿ ಕಲಿತದ್ದನ್ನು ಇಲ್ಲಿಗೆ ತಂದಿದ್ದೇನೆ. ವಿಷಯ ಇಷ್ಟೇ: ಕಾದಂಬರಿಯ ಆರಂಭ ಓದುಗನನ್ನು ಹಿಡಿದು ನಿಲ್ಲಿಸುವುದು ಹೇಗೆ?

ಇದನ್ನು ಮಕ್ಕಳ ಮುಂದೆ ಮಾತಾಡಲು ಒಂದು ಕಾರಣವಿದೆ. ಗುರುಗಳು ಹೇಳಿದರು, ನಮ್ಮ ಶಾಲೆಯಲ್ಲಿ ಈಗಲೂ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರಿದ್ದಾರಂತೆ. ಗಣಿತದ ಪುಸ್ತಕ ಮುಂದಿನಿಂದ ಶುರುವಾಗುತ್ತದೆ, ಕಥೆ ಹಿಂದಿನಿಂದ. ಯಾರೆಂದು ನಾನು ಕೇಳಲಿಲ್ಲ. ಕೈ ಎತ್ತುವುದೂ ಬೇಡ. ಈ ಮಾತು ನಿಮಗೇ.

ಮೊದಲು ಒಂದು ಹಳೆಯ ಪದ್ಧತಿ ನೆನಪಿಸಿಕೊಳ್ಳೋಣ. ಅಜ್ಜಿ ಕಥೆ ಹೇಳುವಾಗ ಕೇಳುವವರು ‘ಹೂಂ’ ಅನ್ನಬೇಕು. ‘ಒಂದೂರಲ್ಲಿ ಒಬ್ಬ ರಾಜ ಇದ್ದ.’ ‘ಹೂಂ.’ ‘ಅವನಿಗೆ ಮಕ್ಕಳಿರಲಿಲ್ಲ.’ ‘ಹೂಂ.’ ಹೂಂಗುಟ್ಟುವುದು ನಿಂತರೆ ಅಜ್ಜಿಗೆ ಗೊತ್ತು, ಮಗು ಮಲಗಿತು. ಆಗ ಅವಳು ಕಥೆ ನಿಲ್ಲಿಸುತ್ತಾಳೆ, ಇಲ್ಲವೇ ದನಿ ಏರಿಸಿ ಒಂದು ರಾಕ್ಷಸನನ್ನು ತರುತ್ತಾಳೆ. ಕಾದಂಬರಿ ಬರೆಯುವವರಿಗೆ ಈ ಅನುಕೂಲವಿಲ್ಲ. ಓದುಗ ಎಲ್ಲೋ ಕಡೂರು ಬಸ್ ಸ್ಟ್ಯಾಂಡಿನಲ್ಲಿ, ಇಲ್ಲವೇ ಬೀರೂರು ಜಂಕ್ಷನ್‌ನಲ್ಲಿ ತಡವಾದ ರೈಲಿಗೆ ಕಾಯುತ್ತಾ ಪುಸ್ತಕ ತೆರೆದಿರುತ್ತಾನೆ. ಅವನು ಹೂಂ ಅಂದದ್ದೂ ಕೇಳಿಸುವುದಿಲ್ಲ, ಪುಸ್ತಕ ಮುಚ್ಚಿ ಜೇಬಿನಿಂದ ಫೋನ್ ತೆಗೆದದ್ದೂ ಕಾಣುವುದಿಲ್ಲ. ಆ ಮೊದಲ ‘ಹೂಂ’ ಬರುವ ಹಾಗೆ ಮೊದಲ ಪುಟ ಬರೆಯಬೇಕು. ಕಷ್ಟ ಇರುವುದು ಅಲ್ಲಿ.

ಇಂಗ್ಲಿಷಿನಲ್ಲಿ ಈ ಹಿಡಿತಕ್ಕೆ ‘ಹುಕ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು? ತಟ್ಟನೆ ಬಾಯಿಗೆ ಬರುವ ಪದ ಗಾಳ. ಆದರೆ ಗಾಳ ಏನು ಮಾಡುತ್ತದೆ ನೋಡಿ. ತುದಿಗೆ ಎರೆಹುಳು ಸಿಕ್ಕಿಸಿ ಇಳಿಬಿಡುತ್ತೇವೆ. ಮೀನು ಊಟವೆಂದು ನಂಬಿ ಬಾಯಿ ಹಾಕುತ್ತದೆ. ಅದಕ್ಕೆ ಸಿಗುವುದು ಊಟವಲ್ಲ, ಮುಳ್ಳು. ನಾನು ಕೆಲಸ ಮಾಡುವ ಕ್ಷೇತ್ರದಲ್ಲಿ ಇಂಥ ಗಾಳಗಳಿಗೆ ಬರವಿಲ್ಲ. ನಿಮ್ಮ ಮನೆಯ ಫೋನಿನಲ್ಲಿ ‘ಈ ವಿಡಿಯೊ ಕೊನೆಯವರೆಗೂ ನೋಡಿ, ಬೆಚ್ಚಿ ಬೀಳ್ತೀರಿ’ ಎಂದು ಬರುತ್ತದಲ್ಲ, ಅದು ಗಾಳ. ನಮ್ಮಲ್ಲಿ ಎ/ಬಿ ಟೆಸ್ಟ್ ಎಂಬ ಪರೀಕ್ಷೆ ಇದೆ. ಒಂದೇ ಪುಟವನ್ನು ಎರಡು ರೀತಿ ಮಾಡಿ, ಅರ್ಧ ಜನರಿಗೆ ಒಂದು, ಇನ್ನರ್ಧ ಜನರಿಗೆ ಇನ್ನೊಂದು ತೋರಿಸಿ, ಯಾವುದನ್ನು ಹೆಚ್ಚು ಜನ ಒತ್ತಿದರು ಎಂದು ಲೆಕ್ಕ ಹಾಕುವುದು. ಆ ಲೆಕ್ಕದಿಂದ ತಿಳಿಯುವ ಒಂದು ಸಂಗತಿ ಕಾದಂಬರಿಗೂ ಅನ್ವಯಿಸುತ್ತದೆ: ಒತ್ತಿದವರೆಲ್ಲ ಉಳಿಯುವುದಿಲ್ಲ. ಬೆಚ್ಚಿಸುತ್ತೇನೆಂದು ಕರೆದು ಬೆಚ್ಚಿಸದೆ ಕಳಿಸಿದರೆ ಜನ ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ಗಾಳ ಬೇಡ. ನಮ್ಮ ಮನೆಗಳಲ್ಲೇ ಇದ್ದ ಇನ್ನೊಂದು ಕೊಕ್ಕೆ ಇದೆ. ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು, ಮಕ್ಕಳಿಗೆ ಹೇಳಬೇಕು. ಅದು ಪಾತಾಳಗರಡಿ. ಬಾವಿಯಲ್ಲಿ ಕೊಡವೋ ಬಿಂದಿಗೆಯೋ ಹಗ್ಗ ಕಳಚಿ ಬಿದ್ದರೆ, ಸುತ್ತ ಹತ್ತಾರು ಕೊಕ್ಕೆಗಳಿರುವ ಆ ಕಬ್ಬಿಣದ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ತಳದವರೆಗೂ ಇಳಿಸಿ ನಿಧಾನಕ್ಕೆ ಆಡಿಸುತ್ತಿದ್ದರು. ಎಲ್ಲೋ ಒಂದು ಕಡೆ ‘ಟಣ್’ ಎಂದು ತಗುಲುತ್ತದೆ. ಎಳೆದರೆ ಮೇಲೆ ಬರುವುದು ಕಳೆದುಹೋಗಿದ್ದ ನಿಮ್ಮದೇ ಬಿಂದಿಗೆ. ಕೆಲವೊಮ್ಮೆ ಎಂದೋ ಬಿದ್ದು ಮರೆತೇಹೋಗಿದ್ದ ಚೊಂಬೂ ಜೊತೆಗೆ ಬರುತ್ತಿತ್ತು. ಒಳ್ಳೆಯ ಕಾದಂಬರಿಯ ಮೊದಲ ಪುಟ ಮಾಡುವುದು ಈ ಕೆಲಸವನ್ನು. ಅದು ಹೊರಗಿನಿಂದ ಆಮಿಷ ತೋರಿಸುವುದಿಲ್ಲ. ಓದುಗನ ಒಳಗೆ ಮೊದಲೇ ಬಿದ್ದಿರುವ ಯಾವುದೋ ಭಯಕ್ಕೆ, ಆಸೆಗೆ, ನಾಚಿಕೆಗೆ, ಹಳೆಯ ಪ್ರಶ್ನೆಗೆ ಹೋಗಿ ತಗುಲಿಕೊಳ್ಳುತ್ತದೆ. ಆಮೇಲೆ ಇಡೀ ಕಾದಂಬರಿ ಅದನ್ನು ಮೇಲೆಳೆಯುವ ಹಗ್ಗ.

ಇದಕ್ಕೆ ಉದಾಹರಣೆ ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಸುತ್ತ ಇರುವ ಮೂರು ತಾಲ್ಲೂಕುಗಳಲ್ಲೇ ಮೂರು ಪಾಠಗಳಿವೆ. ತರೀಕೆರೆ, ಅಜ್ಜಂಪುರ, ಕಡೂರು, ಇದೇ ಕ್ರಮದಲ್ಲಿ ಹೋಗೋಣ.

ತರೀಕೆರೆ ಹೆಸರು ಕರ್ನಾಟಕದ ಯಾವ ಮೂಲೆಯಲ್ಲಿ ಹೇಳಿದರೂ ಜನ ನಗುತ್ತಾರೆ. ಕೆರೆ ಏರಿಯ ಮೇಲೆ ಮೇಯುವ ಆ ಮೂರು ಕರಿ ಕುರಿಮರಿಗಳು! ನಾಲಿಗೆ ತಿರುಗಿಸುವ ಆ ಮಾತನ್ನು ವೇಗವಾಗಿ ಹೇಳಿ ಸೋಲದವರು ಈ ಶಾಮಿಯಾನದಲ್ಲಿ ಯಾರೂ ಇರಲಿಕ್ಕಿಲ್ಲ. ಈ ಊರನ್ನು ಕಣ್ಣಿಂದ ನೋಡದವರಿಗೂ ಇಲ್ಲಿ ಒಂದು ಕೆರೆ ಇದೆ, ಏರಿ ಇದೆ, ಕುರಿಗಳಿವೆ ಎಂದು ಗೊತ್ತು. ಒಂದೇ ವಾಕ್ಯ, ಅದರಲ್ಲಿ ಊರು, ಜಾಗ, ಎಣಿಕೆ, ಬಣ್ಣ ಎಲ್ಲ ಇದೆ. ಕಣ್ಣಿಗೆ ಕಾಣುವಂತಿದೆ, ಕಿವಿಗೆ ಹಿಡಿಸುವಂತಿದೆ. ಮೊದಲ ವಾಕ್ಯಕ್ಕೆ ಇವೆರಡೂ ಬೇಕು.

ಆದರೆ ಇಷ್ಟು ವರ್ಷದಲ್ಲಿ ಯಾರಾದರೂ ‘ಆಮೇಲೆ ಆ ಕುರಿಮರಿಗಳಿಗೆ ಏನಾಯಿತು?’ ಎಂದು ಕೇಳಿದ್ದಾರೆಯೇ? ಇಲ್ಲ. ಯಾಕೆಂದರೆ ಅದು ಕಿವಿಯನ್ನು ಹಿಡಿಯುತ್ತದೆ, ಮನಸ್ಸನ್ನು ಹಿಡಿಯುವುದಿಲ್ಲ. ಅದಕ್ಕೆ ಸ್ವಲ್ಪ ಸೇರಿಸಿ ನೋಡೋಣ. ಬೆಳಿಗ್ಗೆ ಏರಿಗೆ ಹೋದ ಕುರಿಮರಿ ಮೂರು, ಸಂಜೆ ಹಟ್ಟಿಗೆ ಬಂದವು ಎರಡು. ಈಗ? ಒಂದೆಲ್ಲಿ ಹೋಯಿತು ಎಂಬ ಪ್ರಶ್ನೆ ಹುಟ್ಟಿತು. ಇನ್ನೂ ಒಂದು ಎಳೆ ಸೇರಿಸಿ: ಮರಿಗಳು ಕಾಯಲು ಹೋಗಿದ್ದ ಹುಡುಗನವಲ್ಲ, ಬೇರೆಯವರವು. ಈಗ ಪ್ರಶ್ನೆ ಕುರಿಮರಿಯದ್ದಲ್ಲ, ಹುಡುಗನದ್ದು. ಅವನು ರಾತ್ರಿ ಆ ಮನೆಯ ಮುಂದೆ ನಿಂತು ಏನು ಹೇಳುತ್ತಾನೆ? ಇಲ್ಲಿಗೆ ಕಥೆ ಶುರುವಾಯಿತು. ನೋಡಿ, ಕೊಲೆಯಿಲ್ಲ, ಬಾಂಬಿಲ್ಲ. ಒಂದು ಲೆಕ್ಕ ತಪ್ಪಿತು, ಅದಕ್ಕೆ ಉತ್ತರ ಕೊಡಬೇಕಾದವನು ಒಬ್ಬ ಚಿಕ್ಕ ಹುಡುಗ. ಯಾರಿಗೆ ಏನು ನಷ್ಟವಾಗುತ್ತದೆ ಎಂಬುದು ಕಂಡಾಗಲೇ ಓದುಗ ‘ಹೂಂ’ ಅನ್ನುತ್ತಾನೆ. ಇದು ಮೊದಲ ಪಾಠ.

ತರೀಕೆರೆಯ ಬಳಿಯೇ ಇರುವ ಅಮೃತಾಪುರಕ್ಕೆ ನೀವೆಲ್ಲ ಪ್ರವಾಸ ಹೋಗಿದ್ದೀರಿ. 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಸ್ಥಾನ ಅದು. ಕಂಬಗಳ ಹೊಳಪು ನೋಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಅಲ್ಲಿ ನಿಂತಿರುವ ದೊಡ್ಡ ಶಾಸನದ ಕಡೆ ಹೆಚ್ಚು ಜನ ನೋಡುವುದಿಲ್ಲ. ಆ ಶಾಸನದ ಪದ್ಯಗಳನ್ನು ಬರೆದವನು ಕವಿ ಜನ್ನ. ಅದೇ ಜನ್ನ ಮುಂದೆ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರ ಆರಂಭ ಹೇಗಿದೆ ಗೊತ್ತೇ? ಚಂಡಮಾರಿ ದೇವಿಯ ಜಾತ್ರೆ. ಮಾರಿದತ್ತ ಎಂಬ ರಾಜ ಬಲಿ ಕೊಡಲು ಸಿದ್ಧನಾಗಿದ್ದಾನೆ. ಪ್ರಾಣಿಗಳ ಜೊತೆ ನರಬಲಿಯೂ ಬೇಕು. ತಳವಾರ ಹಿಡಿದುಕೊಂಡು ಬಂದವರು ಇಬ್ಬರು ಎಳೆಯರು, ಅಣ್ಣ ಮತ್ತು ತಂಗಿ, ಅಭಯರುಚಿ ಮತ್ತು ಅಭಯಮತಿ. ಕತ್ತಿ ಮುಂದಿದೆ. ಆದರೆ ಮಕ್ಕಳ ಮುಖದಲ್ಲಿ ಭಯವಿಲ್ಲ. ರಾಜನಿಗೆ ಆಶ್ಚರ್ಯ. ಸಾವಿನ ಮುಂದೆ ಹೀಗೆ ನಿಂತಿರುವ ನೀವು ಯಾರು ಎಂದು ಕೇಳುತ್ತಾನೆ. ಅವರು ತಮ್ಮ ಕಥೆ ಹೇಳಲು ಶುರುಮಾಡುತ್ತಾರೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಒಂದೇ ತಪ್ಪಿಗೆ ಜನ್ಮ ಜನ್ಮಾಂತರ ಅಲೆದ ಕಥೆ.

ಇಲ್ಲಿ ಜನ್ನ ಮಾಡಿರುವ ಕೆಲಸ ಗಮನಿಸಿ. ಕಾಲದ ಲೆಕ್ಕದಲ್ಲಿ ನೋಡಿದರೆ ಕಥೆ ಯಶೋಧರನ ಜನ್ಮದಿಂದ ಶುರುವಾಗಬೇಕು. ಅವನು ಹಾಗೆ ಮಾಡಲಿಲ್ಲ. ಹಿಂದಿನದನ್ನೆಲ್ಲ ಹಿಂದೆ ಬಿಟ್ಟು, ಕತ್ತಿಯ ಮುಂದೆ ಮಕ್ಕಳು ನಿಂತ ಗಳಿಗೆಯಿಂದ ಹೊರಟ. ಅದಕ್ಕಿಂತ ಮುಖ್ಯವಾದದ್ದು, ನಮ್ಮನ್ನು ಹಿಡಿದದ್ದು ಕತ್ತಿಯಲ್ಲ. ಕತ್ತಿ ಎಲ್ಲ ಬಲಿಯಲ್ಲೂ ಇರುತ್ತದೆ. ಹಿಡಿದದ್ದು ಆ ಭಯವಿಲ್ಲದ ಮುಖ. ಇರಬೇಕಾದದ್ದು ಇಲ್ಲದಿದ್ದಾಗ, ಇರಬಾರದ್ದು ಇದ್ದಾಗ ನಮಗೆ ‘ಯಾಕೆ?’ ಎಂಬ ಪ್ರಶ್ನೆ ಬರುತ್ತದೆ. ರಾಜ ಕೇಳಿದ ಆ ಪ್ರಶ್ನೆಯೇ ಓದುಗನ ಪ್ರಶ್ನೆಯೂ ಆಗುತ್ತದೆ. ಮತ್ತು ಆ ಕಥೆ ಕೇಳಿ ಮುಗಿದ ಮೇಲೆ ರಾಜ ಬಲಿಯನ್ನೇ ಬಿಡುತ್ತಾನೆ. ಎಂಟುನೂರು ವರ್ಷದ ಹಿಂದೆ, ನಮ್ಮ ಪಕ್ಕದೂರಿನ ಶಾಸನ ಬರೆದ ಕವಿಗೆ ಗೊತ್ತಿತ್ತು: ಕೇಳುವವನು ಮುಂದೇನಾಯಿತು ಎಂದು ಕಾಯುವಷ್ಟು ಹೊತ್ತು ಕತ್ತಿ ಮೇಲೇ ನಿಂತಿರುತ್ತದೆ.

ಎರಡನೇ ಪಾಠ ಅಜ್ಜಂಪುರದ್ದು. ಅಜ್ಜಂಪುರ ಎಂದರೆ ಅಮೃತಮಹಲ್ ದನಗಳು ಎಂದು ಸಾಮಾನ್ಯ ಜ್ಞಾನದ ಪ್ರಶ್ನೆಗೆ ಉತ್ತರ ಬರೆಯುತ್ತೇವೆ. ಸಾಹಿತ್ಯದಲ್ಲಿ ಕೇಳಿದರೆ ಬರೆಯಬೇಕಾದ ಉತ್ತರ ಅಜ್ಜಂಪುರ ಸೀತಾರಾಂ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ, ನವೋದಯ ಕಾಲದ ಹೆಸರಾಂತ ಕಥೆಗಾರರು. ಅವರ ಅತ್ಯಂತ ಪ್ರಸಿದ್ಧ ಕಥೆ ‘ನಾನು ಕೊಂದ ಹುಡುಗಿ’. ಅದು ಸಣ್ಣಕಥೆ, ಕಾದಂಬರಿಯಲ್ಲ. ಆದರೂ ಕಾದಂಬರಿ ಬರೆಯುವವರು ಅದರ ಹೆಸರನ್ನೇ ಒಂದು ದಿನ ಕೂತು ಓದಬೇಕು. ಮೂರು ಪದ. ‘ನಾನು’ ಅನ್ನುವವನು ತಾನೇ ಒಪ್ಪಿಕೊಳ್ಳುತ್ತಿದ್ದಾನೆ. ‘ಕೊಂದ’ ಅನ್ನುವುದರಲ್ಲಿ ಅಪರಾಧವಿದೆ. ‘ಹುಡುಗಿ’ ಅನ್ನುವಲ್ಲಿ ಯಾರು, ಯಾವ ಊರಿನವಳು ಎಂಬ ಪ್ರಶ್ನೆ. ಇದನ್ನು ಓದಿ ಪುಟ ತಿರುಗಿಸದೆ ಇರಲು ಯಾರಿಂದ ಸಾಧ್ಯ?

ಇಲ್ಲಿಗೇ ನಿಂತಿದ್ದರೆ ಅದು ಬರೀ ಗಾಳವಾಗುತ್ತಿತ್ತು. ಒಳಗೆ ಹೋದರೆ ನಮಗೆ ಸಿಗುವವನು ಕೊಲೆಗಾರನಲ್ಲ, ಓದಿದ, ಸಭ್ಯನಾದ ಒಬ್ಬ ಪ್ರವಾಸಿ. ಹಳ್ಳಿಯೊಂದರಲ್ಲಿ ಅತಿಥಿಯಾಗಿ ಉಳಿಯುತ್ತಾನೆ. ಆ ಮನೆಯ ಹುಡುಗಿಯನ್ನು ದೇವರ ಹೆಸರಿನಲ್ಲಿ ಬಸವಿ ಬಿಟ್ಟಿದ್ದಾರೆ. ಅವಳ ಬದುಕು ಸರಿಯಲ್ಲವೆಂದು ಅವನು ಒಳ್ಳೆಯ ಮನಸ್ಸಿನಿಂದಲೇ ತಿಳಿಹೇಳುತ್ತಾನೆ. ಕೊನೆ ನಾನು ಹೇಳುವುದಿಲ್ಲ, ದೊಡ್ಡವರಾದ ಮೇಲೆ ನೀವೇ ಓದಿ. ಆದರೆ ಕಥೆ ಮುಗಿದ ಮೇಲೆ ಹೆಸರಿಗೆ ಹಿಂತಿರುಗಿದರೆ ‘ಕೊಂದ’ ಎಂಬ ಪದದ ಅರ್ಥವೇ ಬದಲಾಗಿರುತ್ತದೆ. ಕತ್ತಿಯಿಲ್ಲ, ವಿಷವಿಲ್ಲ, ಆಡಿದ ಮಾತಿದೆ. ಹೆಸರು ಕೊಟ್ಟ ಮಾತನ್ನು ಕಥೆ ಉಳಿಸಿಕೊಂಡಿತು, ನಾವು ಎಣಿಸಿದ್ದಕ್ಕಿಂತ ಆಳವಾಗಿ ಉಳಿಸಿಕೊಂಡಿತು. ಮೊದಲ ಸಾಲು ಓದುಗನಿಂದ ಪಡೆದ ಸಾಲ. ಬಡ್ಡಿ ಸಮೇತ ತೀರಿಸುವ ಯೋಗ್ಯತೆ ಕಥೆಗೆ ಇದ್ದರೆ ಮಾತ್ರ ಸಾಲ ಎತ್ತಬೇಕು. ಇದು ಎರಡನೇ ಪಾಠ.

ಮೂರನೇ ಪಾಠಕ್ಕೆ, ಕಡೂರಿಗೆ ಹೋಗುವ ಮುಂಚೆ, ದೊಡ್ಡವರು ಕಾದಂಬರಿಗಳನ್ನು ಹೇಗೆ ಶುರುಮಾಡಿದ್ದಾರೆ ಎಂದು ಸ್ವಲ್ಪ ನೋಡೋಣ. ನಮ್ಮ ಶನಿವಾರದ ಜಗಳಗಳಲ್ಲಿ ಮತ್ತೆ ಮತ್ತೆ ಬಂದ ಮೂರು ಕಾದಂಬರಿಗಳನ್ನು ಮಾತ್ರ ಹೇಳುತ್ತೇನೆ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು. ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿಗೆ ಸ್ನಾನ ಮಾಡಿಸುವುದರಿಂದ ಶುರುವಾಗುತ್ತದೆ. ದಿನವೂ ನಡೆಯುವ ಕೆಲಸ, ಶಾಂತವಾದ ಮನೆ. ಅಷ್ಟರಲ್ಲಿ ಚಂದ್ರಿ ಬಂದು ನಾರಣಪ್ಪ ಸತ್ತನೆಂದು ಹೇಳುತ್ತಾಳೆ. ಬದುಕಿರುವಾಗ ಅಗ್ರಹಾರದ ಕಟ್ಟಳೆಗಳನ್ನೆಲ್ಲ ಮುರಿದವನು. ಈಗ ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ತೀರ್ಮಾನವಾಗುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಧರ್ಮದ ಪ್ರಶ್ನೆ, ಹಸಿವಿನ ಪ್ರಶ್ನೆ ಎರಡೂ ಒಟ್ಟಿಗೆ ಬಂದು ಕೂತವು. ಬಿಸಿಲಿನಲ್ಲಿ ಹೆಣ ಕಾಯುವುದಿಲ್ಲ, ಹೊಟ್ಟೆಯೂ ಕಾಯುವುದಿಲ್ಲ. ಆದ್ದರಿಂದ ಓದುಗನೂ ಪುಸ್ತಕ ಕೆಳಗಿಡುವುದಿಲ್ಲ. ಹಿಡಿತ ಇರುವುದು ಸಾವಿನಲ್ಲಿ ಅಲ್ಲ, ಮುಂದೂಡಲಾಗದ ತೀರ್ಮಾನದಲ್ಲಿ.

ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ಇದಕ್ಕೆ ಪೂರ್ತಿ ವಿರುದ್ಧ ದಾರಿ. ಮೊದಲಿಗೆ ನಡೆಯುವುದು ಇಷ್ಟೇ: ಒಬ್ಬ ರೈತ ಪೇಟೆಗೆ ಜೇನುತುಪ್ಪ ಕೊಳ್ಳಲು ಹೋಗುತ್ತಾನೆ. ಪಕ್ಕದ ಮನೆಯವರು ಮಾತಾಡಿದಂತೆ ಕಥೆ ಸಾಗುತ್ತದೆ. ಆ ಜೇನಿನ ದಾರಿ ಹಿಡಿದು ಮಂದಣ್ಣ ಬರುತ್ತಾನೆ, ವಿಜ್ಞಾನಿ ಕರ್ವಾಲೊ ಬರುತ್ತಾರೆ, ಕೊನೆಗೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿನೊಳಗೆ ಹೋಗಿರುತ್ತೇವೆ. ನಮ್ಮ ಗುಂಪಿನಲ್ಲಿ ಈ ಪುಟಕ್ಕೆ ಎಲ್ಲರೂ ಕೈ ಎತ್ತಿದರು. ಯಾಕೆಂದು ಕೇಳಿದಾಗ ಒಬ್ಬಳು ಹೇಳಿದಳು, ‘ಹೇಳುವವನ ದನಿ ಚೆನ್ನಾಗಿದೆ, ಅವನ ಜೊತೆ ಎಲ್ಲಿಗೆ ಬೇಕಾದರೂ ಹೋಗ್ತೀನಿ’. ದನಿಯೂ ಒಂದು ಹಿಡಿತ. ತಮಾಷೆ ಗೊತ್ತಿರುವ ನೆಂಟ ಮನೆಗೆ ಬಂದರೆ, ಅವನು ಏನು ಹೇಳುತ್ತಾನೆಂದು ಗೊತ್ತಾಗುವ ಮುಂಚೆಯೇ ನಾವು ಅವನ ಸುತ್ತ ಕೂರುವುದಿಲ್ಲವೇ, ಹಾಗೆ.

ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರದ್ದು. ಮಹಾಭಾರತದ ಕಥೆ ಎಲ್ಲರಿಗೂ ಗೊತ್ತು. ಯಾರು ಗೆಲ್ಲುತ್ತಾರೆ ಎಂಬ ಕುತೂಹಲವೇ ಇಲ್ಲ. ಹಾಗಾದರೆ ಓದುಗನನ್ನು ಏನು ಹಿಡಿಯಬೇಕು? ಭೈರಪ್ಪನವರು ಭೀಮನಿಂದ, ಕೃಷ್ಣನಿಂದ ಶುರುಮಾಡಲಿಲ್ಲ. ದೂರದ ಮದ್ರ ದೇಶದಲ್ಲಿ ಮುದುಕ ಶಲ್ಯನಿಂದ ಶುರುಮಾಡಿದರು. ಮನೆಯಲ್ಲಿ ಮದುವೆಗೆ ಬಂದ ಮೊಮ್ಮಗಳು, ಹೊರಗೆ ಯುದ್ಧದ ಸುದ್ದಿ. ಯಾರಿಗೂ ನೆನಪಾಗದ ಜಾಗದಿಂದ ಬಾಗಿಲು ತೆರೆದದ್ದರಿಂದ, ಗೊತ್ತಿದ್ದ ಕಥೆಯೇ ಗೊತ್ತಿಲ್ಲದ ಕಥೆಯಾಯಿತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಸಮಾಧಾನದ ಸಂಗತಿ ಕಾಣುತ್ತದೆ. ಹೀಗೇ ಶುರುಮಾಡಬೇಕೆಂಬ ಒಂದೇ ಸೂತ್ರ ಇಲ್ಲ. ಮುಂದೂಡಲಾಗದ ಕೆಲಸ, ನಂಬಿಸುವ ದನಿ, ಬೇರೆ ಕಡೆಯಿಂದ ನೋಡುವ ಕಣ್ಣು, ಯಾವುದರಿಂದ ಬೇಕಾದರೂ ಹಿಡಿಯಬಹುದು. ಆದರೆ ಮೂರರಲ್ಲೂ ಮೊದಲ ಪುಟ ಆ ಕಾದಂಬರಿಗೆ ಮಾತ್ರ ಸೇರಿದ್ದು. ಕಿತ್ತು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ.

ಈಗ ಕಡೂರು. ಇಲ್ಲಿ ನಾವೇ ಕೈ ಹಾಕಿ ಬರೆದು ನೋಡೋಣ. ಕಡೂರು ಸೀಮೆಯವರಿಗೆ ಬರ ಹೊಸದಲ್ಲ. ಬೋರ್‌ವೆಲ್ ಕೊರೆಸಿ ನೀರು ಸಿಗದೆ ಕೈಸುಟ್ಟುಕೊಂಡ ಮನೆಗಳು ಎಲ್ಲ ಊರಲ್ಲೂ ಇವೆ. ಅದರ ಮೇಲೆ ಒಂದು ಕಾದಂಬರಿ ಬರೆಯುತ್ತೇವೆ ಅಂದುಕೊಳ್ಳಿ. ಮೊದಲ ವಾಕ್ಯ ಏನು?

ಸಾಮಾನ್ಯವಾಗಿ ನಾವು ಬರೆಯುವುದು ಹೀಗೆ: ‘ಅದೊಂದು ಪುಟ್ಟ ಹಳ್ಳಿ. ಅಲ್ಲಿ ಮಳೆ ಬಹಳ ಕಡಿಮೆ. ರೈತರು ತುಂಬಾ ಕಷ್ಟದಲ್ಲಿದ್ದರು.’ ಸುಳ್ಳೇನೂ ಇಲ್ಲ. ಆದರೆ ಇದು ಪ್ರಬಂಧದ ಪೀಠಿಕೆ. ಯಾವ ಹಳ್ಳಿ, ಯಾವ ರೈತ? ಮುಖವೇ ಇಲ್ಲ.

ಸಿನಿಮಾ ನೋಡಿದವರು ಬರೆಯುವುದು ಹೀಗೆ: ‘ತೋಟದ ಮಧ್ಯೆ ರಕ್ತದ ಮಡುವಿನಲ್ಲಿ ಹೆಣ ಬಿದ್ದಿತ್ತು.’ ಹಿಡಿಯುತ್ತದೆ, ಸಂಶಯವಿಲ್ಲ. ಆದರೆ ನಮ್ಮ ಕಥೆ ನೀರಿನದ್ದು, ಕೊಲೆಯದ್ದಲ್ಲ. ಇಪ್ಪತ್ತು ಪುಟವಾದ ಮೇಲೆ ಓದುಗ ‘ಹೆಣ ಎಲ್ಲಪ್ಪಾ?’ ಎಂದು ಕೇಳುತ್ತಾನೆ. ತೀರಿಸಲಾಗದ ಸಾಲ.

ಇನ್ನೊಂದು ರೀತಿ ನೋಡಿ: ‘ನಾಲ್ಕನೇ ಬೋರ್ ಕೊರೆಯುವ ಲಾರಿ ಬಂದ ದಿನ ಅಮ್ಮ ಬರೀ ಕಿವಿಯಲ್ಲಿ ಎಲ್ಲರಿಗೂ ಕಾಫಿ ತಂದುಕೊಟ್ಟಳು.’

ಈಗ ಹಿಂದಿನ ಸಾಲಿನಲ್ಲಿರುವ ತಾಯಂದಿರು ಸುಮ್ಮನಾದರು, ನಾನು ಗಮನಿಸಿದೆ. ಈ ವಾಕ್ಯದಲ್ಲಿ ಕಷ್ಟ ಎಂಬ ಪದವಿಲ್ಲ, ಸಾಲ ಎಂಬ ಪದವಿಲ್ಲ, ಬರ ಎಂಬ ಪದವೂ ಇಲ್ಲ. ‘ನಾಲ್ಕನೇ’ ಎಂದಾಗ ಮೂರು ಬೋರ್ ಒಣಗಿದವೆಂದು ಗೊತ್ತಾಯಿತು. ‘ಬರೀ ಕಿವಿ’ ಎಂದಾಗ ಓಲೆ ಎಲ್ಲಿಗೆ ಹೋಯಿತೆಂದು ಗೊತ್ತಾಯಿತು. ‘ಎಲ್ಲರಿಗೂ ಕಾಫಿ’ ಎಂದಾಗ ಆಕೆ ಎಂಥವಳೆಂದು ಗೊತ್ತಾಯಿತು. ಯಾವುದನ್ನೂ ಬಿಡಿಸಿ ಹೇಳಲಿಲ್ಲ, ಓದುಗನೇ ಕೂಡಿಸಿಕೊಂಡ. ತಾನೇ ಕೂಡಿಸಿಕೊಂಡ ಲೆಕ್ಕವನ್ನು ಯಾರೂ ಅರ್ಧಕ್ಕೆ ಬಿಡುವುದಿಲ್ಲ. ಜೊತೆಗೆ ಪ್ರಶ್ನೆಗಳೂ ಹುಟ್ಟಿದವು: ನೀರು ಬಂತೇ? ಓಲೆ ತಿರುಗಿ ಬಂತೇ? ಕೊಡುವ ಮುಂಚೆ ಆಕೆಯನ್ನು ಯಾರಾದರೂ ಕೇಳಿದರೇ? ಈ ಮೂರನೇ ಪ್ರಶ್ನೆಗೆ ಉತ್ತರ ಹುಡುಕಲು ಮುನ್ನೂರು ಪುಟ ಬೇಕಾಗಬಹುದು. ಅದೇ ಕಾದಂಬರಿ. ಕಡೂರಿನ ಪಾಠ ಇದು: ದೊಡ್ಡ ವಿಷಯವನ್ನು ಒಂದು ಚಿಕ್ಕ ವಸ್ತುವಿನಲ್ಲಿ ತೋರಿಸಿ, ಉಳಿದದ್ದನ್ನು ಓದುಗನಿಗೆ ಬಿಡಿ.

ಮಕ್ಕಳೇ, ಬರೆಯುವಾಗ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಸೂರ್ಯೋದಯದಿಂದ, ಅಲಾರಾಂನಿಂದ, ಕನಸಿನಿಂದ ಶುರುಮಾಡಬೇಕೆನ್ನಿಸಿದರೆ ಹತ್ತು ಸಾಲು ಬಿಟ್ಟು ಹನ್ನೊಂದನೇ ಸಾಲು ನೋಡಿ. ಬಹಳ ಸಲ ನಿಜವಾದ ಆರಂಭ ಅಲ್ಲಿ ಅಡಗಿರುತ್ತದೆ. ರೈಲು ಹೊರಡುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ಆಡುವ ಮಾತನ್ನೆಲ್ಲ ಓದುಗ ಕೇಳಬೇಕಾಗಿಲ್ಲ.

ಎರಡು, ಮೊದಲ ಪುಟದಲ್ಲಿ ಹತ್ತು ಜನರನ್ನು ಪರಿಚಯಿಸಬೇಡಿ. ಮದುವೆ ಮನೆಗೆ ಹೋದ ಹೊಸಬರಿಗೆ ಒಂದೇ ಉಸಿರಿನಲ್ಲಿ ಎಲ್ಲ ನೆಂಟರ ಹೆಸರು ಹೇಳಿದರೆ ಒಂದೂ ನೆನಪಿರುವುದಿಲ್ಲ. ಒಬ್ಬರನ್ನು ತೋರಿಸಿ. ಅವರಿಗೆ ಏನು ಬೇಕು, ಅಡ್ಡ ಬಂದದ್ದು ಏನು, ಇಷ್ಟು ಸಾಕು.

ಮೂರು, ಪರೀಕ್ಷೆ ಮಾಡಿ. ನಮ್ಮ ಆಫೀಸಿನ ಎ/ಬಿ ಟೆಸ್ಟ್ ನಿಮ್ಮ ಮನೆಯಲ್ಲೂ ಆಗುತ್ತದೆ. ಎರಡು ರೀತಿ ಆರಂಭ ಬರೆಯಿರಿ. ಒಂದನ್ನು ರಾಗಿ ಹಸನು ಮಾಡುತ್ತಿರುವ ಅಮ್ಮನಿಗೆ, ಇನ್ನೊಂದನ್ನು ಅಕ್ಕನಿಗೆ ಓದಿ ಹೇಳಿ ನಿಲ್ಲಿಸಿಬಿಡಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಮನೆಯವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಸುಮ್ಮನೆ ಕಾಯಿರಿ. ‘ಆಮೇಲೆ?’ ಎಂದು ಯಾರು ಕೇಳುತ್ತಾರೋ ಅವರಿಗೆ ಓದಿದ್ದೇ ಸರಿಯಾದ ಆರಂಭ.

ನಾಲ್ಕು, ಮೊದಲ ವಾಕ್ಯ ಸಿಗಲಿಲ್ಲವೆಂದು ಬರೆಯುವುದನ್ನು ನಿಲ್ಲಿಸಬೇಡಿ. ಹೇಗೋ ಶುರುಮಾಡಿ, ಮುಗಿಸಿ, ಆಮೇಲೆ ಹಿಂತಿರುಗಿ ಮೊದಲ ಪುಟವನ್ನು ಬರೆಯಿರಿ. ಮನೆ ಕಟ್ಟುವಾಗಲೂ ಬಾಗಿಲಿನ ಬಣ್ಣ ಕೊನೆಗೇ. ಕಥೆ ಎಲ್ಲಿಗೆ ಹೋಗಿ ಮುಟ್ಟಿತೆಂದು ಗೊತ್ತಾದ ಮೇಲೆ, ಎಲ್ಲಿಂದ ಹೊರಡಬೇಕಿತ್ತು ಎಂಬುದು ತಾನಾಗಿ ಕಾಣುತ್ತದೆ.

ಇಷ್ಟೆಲ್ಲ ಯಾಕೆ ಮುಖ್ಯ? ನಮ್ಮ ಮಕ್ಕಳು ಕಥೆ ಬರೆಯಲು ಕೂತರೆ ಕಥಾನಾಯಕ ಬೆಂಗಳೂರಿನಲ್ಲಿರುತ್ತಾನೆ, ಕಾರಿನಲ್ಲಿ ಓಡಾಡುತ್ತಾನೆ. ತಮ್ಮ ಊರು ಕಥೆಗೆ ಸಾಲದು ಎಂಬ ಭಾವನೆ ಎಲ್ಲಿಂದಲೋ ಬಂದು ಕೂತಿದೆ. ಅಮೃತಾಪುರದ ಶಾಸನದ ಮುಂದೆ, ಅಜ್ಜಂಪುರದ ಕಥೆಗಾರರ ಮುಂದೆ ಅದು ನಿಲ್ಲುವ ಮಾತಲ್ಲ. ಈ ಶಾಲೆಗೆ ಐವತ್ತು ವರ್ಷ. ಐವತ್ತು ವರ್ಷದಲ್ಲಿ ಈ ಗೇಟಿನಿಂದ ಹೊರಗೆ ಹೋದವರಲ್ಲಿ ಎಷ್ಟೋ ಜನರ ಮನೆಯಲ್ಲಿ ಓಲೆ ಗಿರವಿಗೆ ಹೋಗಿದೆ, ಎಷ್ಟೋ ಹುಡುಗಿಯರ ಓದು ಹತ್ತನೇ ಕ್ಲಾಸಿಗೆ ನಿಂತಿದೆ, ಯಾರೋ ರಾತ್ರಿ ರೈಲು ಹತ್ತಿ ಹೋದವರು ತಿರುಗಿ ಬಂದಿಲ್ಲ. ಇವು ಯಾವುವೂ ಪುಸ್ತಕದಲ್ಲಿಲ್ಲ. ಬಾವಿಯ ತಳದಲ್ಲಿವೆ. ಹೇಳಬೇಕಾದವರ ಕಾಲ ಮುಗಿಯುತ್ತಾ ಬಂದಿದೆ, ಕೇಳಬೇಕಾದವರ ಕೈಯಲ್ಲಿ ಫೋನಿದೆ. ನಮಗಿರುವುದು ಆ ಒಂದು ಪುಟದಷ್ಟೇ ಹೊತ್ತು. ಅಷ್ಟರಲ್ಲಿ ಅವರನ್ನು ನಿಲ್ಲಿಸದೆ ಹೋದರೆ, ಇಲ್ಲಿ ನಡೆದದ್ದು ಇಲ್ಲಿಯವರಿಗೇ ತಿಳಿಯದೆ ಹೋಗುತ್ತದೆ.

ಅದಕ್ಕಾಗಿ ಇವತ್ತು ಒಂದು ಚಿಕ್ಕ ವಸ್ತು ತಂದಿದ್ದೇನೆ. ಗಟ್ಟಿ ರಟ್ಟಿನ, ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್. ಮೇಲೆ ‘ಮೊದಲ ವಾಕ್ಯ’ ಎಂದು ಬರೆಸಿದ್ದೇನೆ. ಇದನ್ನು ಕನ್ನಡ ಮೇಡಂ ಕೈಗೆ ಕೊಡುತ್ತೇನೆ, ಲೈಬ್ರರಿ ಬೀರುವಿನ ಹೊರಗೆ ಇಡಲು, ಒಳಗೆ ಬೀಗ ಹಾಕಿ ಇಡಲು ಅಲ್ಲ. ಒಂದು ಪುಟಕ್ಕೆ ಒಂದೇ ವಾಕ್ಯ. ಹೆಸರು ಬರೆಯಬೇಕಾಗಿಲ್ಲ. ಮಕ್ಕಳೂ ಬರೆಯಬಹುದು, ಅಡುಗೆಯವರೂ ಬರೆಯಬಹುದು, ಹಳೆಯ ವಿದ್ಯಾರ್ಥಿಗಳೂ ಬರೆಯಬಹುದು. ಬೇರೆಯವರ ವಾಕ್ಯ ಓದಿ ‘ಆಮೇಲೆ?’ ಎಂದು ಕೇಳಬೇಕೆನ್ನಿಸಿದರೆ ಅದರ ಕೆಳಗೆ ಪೆನ್ಸಿಲಿನಲ್ಲಿ ‘ಹೂಂ’ ಎಂದು ಬರೆಯಿರಿ. ಹೆಚ್ಚು ಹೂಂ ಬಿದ್ದ ವಾಕ್ಯದವರು ಮುಂದಿನ ಪುಟ ಬರೆಯಲಿ. ಮುಂದಿನ ವರ್ಷ ಊರ ಹಬ್ಬಕ್ಕೆ ಬಂದಾಗ ನಾನು ಓದಲು ಬರುತ್ತೇನೆ.

ಮೊದಲ ಪುಟವನ್ನು ನಾನು ಖಾಲಿ ಬಿಟ್ಟಿದ್ದೇನೆ. ಅದು ಮುಂದಿನ ಸಾಲಿನಲ್ಲಿ ಕೂತಿರುವ ನಿಮ್ಮಲ್ಲಿ ಒಬ್ಬರದ್ದು.